ಹಳೆಯ ಮನೆ, ಹೊಸ ಒಡೆಯ

ಕೊಳ್ಳುವವನು ಬೆಲೆ ಕೊಟ್ಟನು, ಮಾರುವವನು ಕ್ರಯಪತ್ರ ಬರೆದುಕೊಟ್ಟನು, ನೋಂದಣಿಯಾಯಿತು. ಅಲ್ಲಿಗೆ ಇಬ್ಬರ ಋಣವೂ ತೀರಿತು ಎಂಬುದು ವ್ಯಾಪಾರದ ಸಾಮಾನ್ಯ ನಂಬಿಕೆ. ಅಕ್ಕಿ ಬೇಳೆಗಳ ವಿಷಯದಲ್ಲಿ, ಬಟ್ಟೆ ಬಂಗಾರಗಳ ವಿಷಯದಲ್ಲಿ ಈ ನಂಬಿಕೆ ಬಹುಮಟ್ಟಿಗೆ ಸರಿಯೇ ಆಗಿದೆ. ಆದರೆ ಮನೆಯ ವಿಷಯದಲ್ಲಿಯೂ ಇದೇ ಲೆಕ್ಕ ನಿಲ್ಲುತ್ತದೆಯೇ? ಅದರಲ್ಲಿಯೂ ಬೇರೆ ಯಾರೋ ಕಟ್ಟಿ, ಬೇರೆ ಯಾರೋ ಬಾಳಿ, ಕೊನೆಗೆ ಯಾರೂ ಇಲ್ಲದೆ ಪಾಳುಬಿದ್ದ ಮನೆಯನ್ನು ಕೊಂಡು, ಅದಕ್ಕೆ ಹೊಸ ಸ್ನಾನಗೃಹ, ಹೊಸ ಅಡುಗೆಮನೆ, ಈಜುಕೊಳಗಳನ್ನು ಜೋಡಿಸಿ ಅನುಭವಿಸುವವನು ಯಾರಿಗೆ ಏನನ್ನು ಸಲ್ಲಿಸಬೇಕು? ಈ ಪ್ರಶ್ನೆ ಇಂದು ಪ್ರಪಂಚದಲ್ಲಿ ಬಹುಶಃ ಎಲ್ಲಿಗಿಂತಲೂ ಸ್ಪಷ್ಟವಾಗಿ ಇಟಲಿಯ ಹಳ್ಳಿಗಾಡಿನಲ್ಲಿ ಎದ್ದು ನಿಂತಿದೆ. ಆಂಟ್ವರ್ಪ್ ನಗರದ ವಜ್ರದ ವ್ಯಾಪಾರದಲ್ಲಿ ನೆಲೆಸಿರುವ ಜೈನ ಮನೆತನಗಳಂತೆ ಯೂರೋಪಿನಲ್ಲಿ ಬೇರೂರಿದವರಿಗೆ ಇದು ಕೇವಲ ಪುಸ್ತಕದ ಚರ್ಚೆಯೂ ಅಲ್ಲ. ಆದುದರಿಂದ ಆ ದೇಶದ ಸಂಗತಿಗಳನ್ನು ಮುಂದಿಟ್ಟುಕೊಂಡೇ ವಿಚಾರ ಮಾಡುವುದು ಯುಕ್ತವೆಂದು ತೋರುತ್ತದೆ.

ಮೊದಲು ಆ ಮನೆಗಳು ಯಾರವು ಎಂಬುದನ್ನು ತಿಳಿಯಬೇಕು. ಟಸ್ಕನಿ, ಉಂಬ್ರಿಯಾ, ಮಾರ್ಕೆ ಎಂಬ ಮಧ್ಯ ಇಟಲಿಯ ಪ್ರಾಂತಗಳಲ್ಲಿ ಗುಡ್ಡದ ಮೇಲೊಂದು, ಇಳಿಜಾರಿನಲ್ಲೊಂದು ಎಂಬಂತೆ ಒಂಟಿಯಾಗಿ ನಿಂತಿರುವ ಕಲ್ಲಿನ ದೊಡ್ಡ ಮನೆಗಳಿಗೆ 'ಕಾಸಾ ಕೊಲೋನಿಕಾ' ಎಂದು ಹೆಸರು. ಒಕ್ಕಲಿನ ಮನೆ ಎಂದು ಅರ್ಥ. ಮಧ್ಯಯುಗದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿ ನಡೆದುಬಂದದ್ದು 'ಮೆಜ್ಜಾದ್ರಿಯಾ' ಎಂಬ ಪದ್ಧತಿ. ನಮ್ಮಲ್ಲಿ ಕೋರು, ವಾರ, ಪಾಲು ಎಂದು ಕರೆಯುವುದರ ಸೋದರ. ಭೂಮಿ, ಮನೆ ಜಮೀನ್ದಾರನವು, ದುಡಿಮೆ ಒಕ್ಕಲಿನದು, ಬೆಳೆ ಅರ್ಧಕ್ಕರ್ಧ. ಕೆಳಗಿನ ಅಂತಸ್ತಿನಲ್ಲಿ ಎತ್ತುಗಳ ಕೊಟ್ಟಿಗೆ, ಅವುಗಳ ಮೈಯ ಬಿಸಿಯೇ ಆಧಾರವಾಗಿ ಮೇಲಿನ ಅಂತಸ್ತಿನಲ್ಲಿ ಮೂರು ತಲೆಮಾರಿನ ಕುಟುಂಬ, ಹೊರಗೆ ಕಣ, ರೊಟ್ಟಿ ಸುಡುವ ಒಲೆ, ಮಾಡಿನ ಮೇಲೆ ಪಾರಿವಾಳದ ಗೂಡು. ಹದಿನೆಂಟನೆಯ ಶತಮಾನದಲ್ಲಿ ಟಸ್ಕನಿಯನ್ನು ಆಳಿದ ಪಿಯೆತ್ರೊ ಲಿಯೊಪೋಲ್ದೊ (1765–1790) ಕೃಷಿಯ ಸುಧಾರಣೆಗಾಗಿ ಇಂತಹ ಮನೆಗಳನ್ನು ಕಟ್ಟುವುದನ್ನು ಪ್ರೋತ್ಸಾಹಿಸಿದನು. ಅವನ ಕಾಲದಲ್ಲಿಯೇ, 1770ರಲ್ಲಿ, ಫರ್ಡಿನಾಂಡೊ ಮೊರೋಜ್ಜಿ ಎಂಬ ವಿದ್ವಾಂಸನು ರೈತರ ಮನೆಗಳು ಹೇಗಿರಬೇಕೆಂದೇ ಒಂದು ಗ್ರಂಥವನ್ನು ಪ್ರಕಟಿಸಿದನು. ರೈತರ ಮನೆ ಎಂದು ಗ್ರಂಥದ ಹೆಸರೇನೋ ಹೇಳುತ್ತದೆ, ಆದರೆ ರೈತನಿಗೆ ಅದರ ಮೇಲೆ ಹಕ್ಕಿರಲಿಲ್ಲ. ವರ್ಷದ ಕೊನೆಗೆ ಜಮೀನ್ದಾರನು ಬಿಡುಗಡೆಯ ನೋಟೀಸು ಕೊಟ್ಟರೆ ಅಜ್ಜ, ಮಗ, ಮೊಮ್ಮಗ ಎಲ್ಲರೂ ಗಾಡಿಯ ಮೇಲೆ ಸಾಮಾನು ಹೇರಿಕೊಂಡು ಬೇರೆ ಒಡೆಯನನ್ನು ಹುಡುಕಿಕೊಳ್ಳಬೇಕಾಗಿತ್ತು. ಹಬ್ಬಕ್ಕೆ ಒಡೆಯನ ಮನೆಗೆ ಕೋಳಿ, ಮೊಟ್ಟೆಗಳನ್ನು ಒಪ್ಪಿಸುವ ಕಟ್ಟಳೆಯೂ, ಎಷ್ಟೋ ಕಡೆ ಮಕ್ಕಳ ಮದುವೆಗೆ ಒಡೆಯನ ಒಪ್ಪಿಗೆ ಬೇಕೆಂಬ ಕಟ್ಟಳೆಯೂ ಇದ್ದವು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಕ್ಕಲುಗಳು ಸಂಘಟಿತರಾದರು. ಅವರ ಪಾಲು ನೂರಕ್ಕೆ 50ರಿಂದ 53ಕ್ಕೆ ಏರಿತು. 1964ರ ಕಾನೂನು ಹೊಸ ಮೆಜ್ಜಾದ್ರಿಯಾ ಕರಾರುಗಳನ್ನು ನಿಷೇಧಿಸಿ, ಇದ್ದ ಕರಾರುಗಳಲ್ಲಿ ಒಕ್ಕಲಿನ ಪಾಲನ್ನು 58ಕ್ಕೆ ಏರಿಸಿತು. 1982ರ ಕಾನೂನು ಉಳಿದವುಗಳನ್ನು ಗೇಣಿಯಾಗಿ ಪರಿವರ್ತಿಸಲು ದಾರಿ ಮಾಡಿತು. ಸರಕಾರದ ಸಾಲದ ನೆರವಿನಿಂದ ಕೆಲವರು ಭೂಮಿಯನ್ನು ಕೊಂಡುಕೊಂಡದ್ದೂ ಉಂಟು. ಆದರೆ ಉಳುವವನೇ ಹೊಲದೊಡೆಯನೆಂಬ ಮಾತು ನಮ್ಮಲ್ಲಿ ಕಾನೂನಾದಂತೆ ಅಲ್ಲಿ ಎಲ್ಲೆಡೆ ಆಗಲಿಲ್ಲ. ನ್ಯಾಯ ಬರುವ ಹೊತ್ತಿಗೆ ಬಹುಪಾಲು ಜನ ಹೊರಟೇ ಹೋಗಿದ್ದರು. 1956ರ ಫೆಬ್ರವರಿಯ ಭೀಕರ ಹಿಮಕ್ಕೆ ಆಲಿವ್ ಮರಗಳು ಕರಕಲಾದದ್ದು ಅನೇಕರ ಪಾಲಿಗೆ ಕೊನೆಯ ಪೆಟ್ಟಾಯಿತು. 1951ರಲ್ಲಿ ಇಟಲಿಯ ದುಡಿಯುವ ಜನರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಕೃಷಿಯಲ್ಲಿದ್ದರು. ಇಪ್ಪತ್ತೇ ವರ್ಷಗಳಲ್ಲಿ ಆ ಸಂಖ್ಯೆ 20ಕ್ಕಿಂತ ಕೆಳಗಿಳಿಯಿತು. ಟುರಿನ್, ಮಿಲಾನ್‌ಗಳ ಕಾರ್ಖಾನೆಗಳು, ಪ್ರಾತೊ ಪಟ್ಟಣದ ಮಗ್ಗಗಳು ಅವರನ್ನು ಸೆಳೆದವು. ದಕ್ಷಿಣದ ಹಾಗೂ ಅಬ್ರುಜ್ಜೊ ಪ್ರಾಂತದ ಬಡವರು ಇನ್ನೂ ದೂರ ಹೋದರು. ಕಲ್ಲಿದ್ದಲಿಗೆ ಬದಲಾಗಿ ಕೂಲಿಯಾಳುಗಳನ್ನು ಕಳಿಸುವುದಾಗಿ ಇಟಲಿ 1946ರಲ್ಲಿ ಬೆಲ್ಜಿಯಂ ದೇಶದೊಡನೆ ಒಪ್ಪಂದ ಮಾಡಿಕೊಂಡಿತ್ತು. 1956ರ ಆಗಸ್ಟ್ 8ರಂದು ಅಲ್ಲಿಯ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿಗೆ ಸಿಕ್ಕಿ ಸತ್ತ 262 ಜನರಲ್ಲಿ 136 ಜನ ಇಟಲಿಯವರು. ಇಂದು ಪಾಳುಬಿದ್ದ ಮನೆಯೊಂದರ ಬಾಗಿಲಲ್ಲಿ ನಿಂತು, ಇಷ್ಟು ಸೊಗಸಾದ ಮನೆಯನ್ನು ಯಾರು ತಾನೆ ಬಿಟ್ಟು ಹೋದಾರು ಎಂದು ಆಶ್ಚರ್ಯಪಡುವ ಕೊಳ್ಳುಗನಿಗೆ ಈ ಸಂಗತಿಗಳು ತಿಳಿದಿರಬೇಕು.

ಹೀಗೆ ತೆರವಾದ ಮನೆಗಳನ್ನು 1960ರ ದಶಕದಿಂದ ಹೊರಗಿನವರು ಕೊಳ್ಳತೊಡಗಿದರು. ಕಿಯಾಂತಿ ಗುಡ್ಡಗಳಲ್ಲಿ ಇಂಗ್ಲಿಷರು ಎಷ್ಟು ಮಂದಿ ಸೇರಿದರೆಂದರೆ, ಇಂಗ್ಲೆಂಡಿನ ಜಿಲ್ಲೆಗಳ ಹೆಸರಿನ ಮಾದರಿಯಲ್ಲಿ ಆ ಸೀಮೆಗೆ 'ಕಿಯಾಂತಿಶೈರ್' ಎಂಬ ಅಡ್ಡಹೆಸರೇ ಬಿತ್ತು. ಅಮೆರಿಕದ ಲೇಖಕಿ ಫ್ರಾನ್ಸಿಸ್ ಮೇಯ್ಸ್ ಕೊರ್ತೋನಾ ಊರಿನ ಬಳಿ ಹಳೆಯ ಮನೆಯೊಂದನ್ನು ಕೊಂಡು ಸರಿಪಡಿಸಿದ ಕಥೆಯನ್ನು 1996ರಲ್ಲಿ ಪುಸ್ತಕವಾಗಿ ಬರೆದರು. 2003ರಲ್ಲಿ ಅದು ಚಲನಚಿತ್ರವೂ ಆಗಿ, ಸಾವಿರಾರು ಜನರಿಗೆ ಅದೇ ಕನಸು ಹಿಡಿಯಿತು. ಕನಸು ಕಾಣುವುದರಲ್ಲಿ ದೋಷವಿಲ್ಲ. ಅದರ ಖರ್ಚು ಯಾರ ಲೆಕ್ಕಕ್ಕೆ ಬರೆಯಲ್ಪಡುತ್ತದೆ ಎಂಬುದಷ್ಟೇ ನಮ್ಮ ವಿಚಾರ.

ಕೊಳ್ಳುಗನು ಒಡೆಯನಿಗೆ ಹಣ ಕೊಡುತ್ತಾನೆ. ಆ ಮನೆಯಲ್ಲಿ ಆರು ತಲೆಮಾರು ದುಡಿದ ಒಕ್ಕಲಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಹಾಗಾದರೆ ಈ ಖರೀದಿಯೇ ಅನ್ಯಾಯದ ಮುಂದುವರಿಕೆಯೇ? ಕೆಲವು ಉಗ್ರವಾದಿಗಳು ಹೌದೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹಳೆಯ ಕರಾರಿಗೆ ಇವನು ಸಹಿ ಹಾಕಿದವನಲ್ಲ. ಇವನು ಕೊಳ್ಳದಿದ್ದರೆ ಒಕ್ಕಲಿನ ಮೊಮ್ಮಕ್ಕಳಿಗೆ ಮನೆ ಮರಳುತ್ತಿತ್ತೆಂಬ ಖಾತರಿಯೂ ಇಲ್ಲ. ಮಾಡು ಕುಸಿದು, ಮುಳ್ಳುಪೊದೆ ಬೆಳೆದು ಕಲ್ಲುಗುಪ್ಪೆಯಾಗುತ್ತಿತ್ತು, ಅಷ್ಟೆ. ಆದರೂ ಬಾಧ್ಯತೆಯೇ ಇಲ್ಲವೆನ್ನಲಾಗದು. ಅದು ಹಣದಿಂದ ತೀರುವ ಬಾಧ್ಯತೆಯಲ್ಲ. ಆ ಮನೆಯಲ್ಲಿ ಹುಟ್ಟಿದ ವೃದ್ಧರು ಎಷ್ಟೋ ಕಡೆ ಹತ್ತಿರದ ಪಟ್ಟಣದಲ್ಲಿಯೇ ಇರುತ್ತಾರೆ. ಒಂದು ದಿನ ಅವರು ಗೇಟಿನ ಬಳಿ ಬಂದು ನಿಂತರೆ ಒಳಗೆ ಕರೆಯುವುದು, ಯಾವ ಕೋಣೆಯಲ್ಲಿ ಯಾರು ಇದ್ದರೆಂದು ಕೇಳಿ ತಿಳಿಯುವುದು, ಅಂಗಳದ ಮೂಲಕ ಹಾದುಹೋಗುತ್ತಿದ್ದ ಹಳೆಯ ಕಾಲುದಾರಿಗೆ ಸರಪಳಿ ಬಿಗಿಯದಿರುವುದು: ಇವೇ ಆ ಬಾಧ್ಯತೆಯ ರೂಪಗಳು. ಕಾನೂನು ಮೊದಲ ಎರಡನ್ನು ಕೇಳುವುದಿಲ್ಲ. ಮೂರನೆಯದನ್ನು, ದಾರಿಯು ಸಾರ್ವಜನಿಕ ಬಳಕೆಯದಾಗಿದ್ದರೆ, ಕೇಳುತ್ತದೆ; ಆದರೂ ಹೊಸ ಒಡೆಯರು ಮೊದಲು ಹಾಕಿಸುವುದು ಅಲ್ಲಿಯೇ ಗೇಟು.

ಇನ್ನು ಖರೀದಿಯ ವಿಧಾನಕ್ಕೆ ಬರೋಣ. ವರ್ತಕರಾದ ನಮಗೆ ಇದು ಹೆಚ್ಚು ಪರಿಚಿತವಾದ ಪ್ರದೇಶ. ಇಟಲಿಯಲ್ಲಿ ಮೊದಲು ಬೆಲೆಯ ಪ್ರಸ್ತಾವ, ಅನಂತರ ಪ್ರಾಥಮಿಕ ಕರಾರು, ಕೊನೆಗೆ 'ನೊತಾಯೊ' ಎಂಬ ಸರಕಾರಿ ಅಧಿಕಾರವುಳ್ಳ ಪತ್ರಲೇಖಕನ ಮುಂದೆ ಕ್ರಯಪತ್ರ. ಕರಾರಿನ ಕಾಲಕ್ಕೆ ಕೊಡುವ ಸಂಚಕಾರದ ನಿಯಮ ಬಹು ನ್ಯಾಯಸಮ್ಮತವಾಗಿದೆ: ಕೊಳ್ಳುಗ ತಪ್ಪಿದರೆ ಸಂಚಕಾರ ಹೋಯಿತು, ಮಾರುವವನು ತಪ್ಪಿದರೆ ಎರಡರಷ್ಟು ಮರಳಿಸಬೇಕು. ಮಾತಿಗೆ ಎರಡೂ ಕಡೆ ಒಂದೇ ತೂಕವಿರಬೇಕೆಂಬ ತತ್ತ್ವ ಇದರಲ್ಲಿದೆ.

ಆದರೆ ಕ್ರಯಪತ್ರದಲ್ಲಿ ಬರೆಯುವ ಬೆಲೆಯ ವಿಷಯದಲ್ಲಿ ಬಹುಕಾಲ ಬೇರೆಯೇ ನಡವಳಿಕೆ ಇತ್ತು. ನಿಜವಾದ ಬೆಲೆಯ ಒಂದು ಭಾಗವನ್ನು ಪತ್ರದಲ್ಲಿ ಕಾಣಿಸಿ, ಉಳಿದದ್ದನ್ನು ಕೈಯಿಂದ ಕೈಗೆ ದಾಟಿಸುವುದು. ಈ ಮಾತನ್ನು ಓದುವಾಗ ನಮ್ಮ ವಾಚಕರಲ್ಲಿ ಯಾರೂ ಬೆರಗಾಗಲಾರರೆಂದು ತಿಳಿಯುತ್ತೇನೆ. ಎಲ್ಲರೂ ಮಾಡುತ್ತಾರೆ, ಸರಕಾರವೇ ತೆರಿಗೆಯನ್ನು ಅತಿಯಾಗಿ ಹಾಕಿದೆ ಎಂಬ ಸಮಾಧಾನವೂ ಎಲ್ಲ ದೇಶಗಳಲ್ಲಿ ಒಂದೇ. 2006ರಿಂದ ಇಟಲಿ ಒಂದು ಜಾಣತನದ ಮಾರ್ಗ ಹಿಡಿಯಿತು. ವಾಸದ ಮನೆಯನ್ನು ವ್ಯಕ್ತಿಗಳು ಕೊಂಡಾಗ, ಪತ್ರದಲ್ಲಿ ನಿಜವಾದ ಬೆಲೆಯನ್ನೇ ಬರೆದರೂ ನೋಂದಣಿ ತೆರಿಗೆಯನ್ನು ಸರಕಾರಿ ದಾಖಲೆಯ ಮೌಲ್ಯದ ಮೇಲೆಯೇ ಕೋರಬಹುದು. ಈ ಮೌಲ್ಯ ಸಾಮಾನ್ಯವಾಗಿ ಮಾರುಕಟ್ಟೆಯ ಬೆಲೆಗಿಂತ ಬಹಳ ಕಡಿಮೆ. ಸುಳ್ಳು ಬೆಲೆ ಬರೆದವನಿಗೆ ಈ ಸೌಲಭ್ಯ ತಪ್ಪುತ್ತದೆ, ದಂಡವೂ ಬೀಳುತ್ತದೆ. ಹಣ ಯಾವ ಮಾರ್ಗದಿಂದ ಸಂದಿತು, ದಲ್ಲಾಳಿ ಯಾರು ಎಂಬುದನ್ನೂ ಪತ್ರದಲ್ಲಿ ಹೇಳಬೇಕು. ಸುಳ್ಳಿನಿಂದ ಸಿಗುತ್ತಿದ್ದ ಲಾಭವನ್ನು ಸತ್ಯಕ್ಕೇ ಕೊಟ್ಟುಬಿಟ್ಟರೆ ಜನ ಸತ್ಯ ಹೇಳುತ್ತಾರೆಂಬುದು ಇಲ್ಲಿಯ ಲೆಕ್ಕ. ಆಡಳಿತದ ದೃಷ್ಟಿಯಿಂದ ಇದು ಉತ್ತಮ. ಆದರೆ ಲಾಭವಿದೆಯೆಂದು ಹೇಳಿದ ಸತ್ಯವನ್ನು ವ್ರತವೆನ್ನಬಹುದೇ? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ನಮ್ಮ ಆಚಾರ್ಯರು ರಾಜ್ಯದ ಕಟ್ಟಳೆಯನ್ನು ಮೀರುವುದನ್ನೂ ಸೇರಿಸಿದ್ದು, ಲಾಭ ತಪ್ಪಿದಾಗಲೂ ಅದು ನಿಲ್ಲಬೇಕೆಂದೇ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೊಂದಿದೆ. 1965 ಮತ್ತು 1971ರ ಕಾನೂನುಗಳ ಪ್ರಕಾರ ಕೃಷಿಭೂಮಿಯನ್ನು ಮಾರುವಾಗ ಅದನ್ನು ಉಳುತ್ತಿರುವ ಗೇಣಿದಾರನಿಗೆ, ಗೇಣಿದಾರನಿಲ್ಲದಿದ್ದರೆ ಪಕ್ಕದ ಜಮೀನನ್ನು ತಾನೇ ಉಳುವ ರೈತ ಮಾಲೀಕನಿಗೆ, ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕಿದೆ. ಕರಾರಿನ ಪ್ರತಿಯನ್ನು ಅವನಿಗೆ ಕಳಿಸಬೇಕು. 30 ದಿನಗಳೊಳಗೆ ಅವನು ತನ್ನ ಇಚ್ಛೆಯನ್ನು ತಿಳಿಸಬೇಕು. ತಿಳಿಸದೆ ಮಾರಿದರೆ ಕ್ರಯಪತ್ರ ದಾಖಲಾದ ಒಂದು ವರ್ಷದೊಳಗೆ ಅವನು ಅದೇ ಬೆಲೆ ಕೊಟ್ಟು ಹೊಸ ಒಡೆಯನಿಂದ ಭೂಮಿಯನ್ನು ಬಿಡಿಸಿಕೊಳ್ಳಬಹುದು. ಉಳುವವನ ಹೊಲ ಚೂರುಚೂರಾಗದೆ ಬೆಳೆಯಲಿ ಎಂಬುದು ಉದ್ದೇಶ. ಈ ಹಕ್ಕನ್ನು ತಪ್ಪಿಸಲು ಒಂದು ಉಪಾಯ ಪ್ರಚಾರದಲ್ಲಿದೆ. ಮಾರುವವನು ನೆರೆಯವನ ಎಲ್ಲೆಗೆ ಹೊಂದಿದ ಕಿರಿದಾದ ಒಂದು ಪಟ್ಟಿಯನ್ನು ಮಾರದೆ ತನ್ನಲ್ಲಿಯೇ ಉಳಿಸಿಕೊಳ್ಳುತ್ತಾನೆ. ಮಾರಿದ ಭೂಮಿಗೂ ನೆರೆಯವನ ಭೂಮಿಗೂ ಈಗ ಸ್ಪರ್ಶವಿಲ್ಲ. ಆದುದರಿಂದ ಹಕ್ಕೂ ಇಲ್ಲ! ಯಾವ ಬೆಳೆಗೂ ಒದಗದ, ಯಾವ ಉಪಯೋಗಕ್ಕೂ ಬಾರದ ಪಟ್ಟಿಯಾದರೆ ಇದು ಬರಿಯ ಕಪಟವೆಂದು ಇಟಲಿಯ ನ್ಯಾಯಾಲಯಗಳು ತಳ್ಳಿಹಾಕಿದ್ದುಂಟು. ಆದರೆ ನ್ಯಾಯಾಲಯದ ಬಾಗಿಲು ತಟ್ಟುವ ಶಕ್ತಿ ಎಷ್ಟು ಜನ ಸಣ್ಣ ರೈತರಿಗಿರುತ್ತದೆ? ಇಲ್ಲಿ ಅಕ್ಷರಕ್ಕೆ ಅಕ್ಷರ ಹಿಡಿದರೆ ಯಾವ ಸುಳ್ಳೂ ಇಲ್ಲ. ಅಳತೆ ಸರಿಯಾಗಿದೆ, ನಕ್ಷೆ ಸರಿಯಾಗಿದೆ, ಬೆಲೆ ಸರಿಯಾಗಿದೆ. ಮಾಯಾಚಾರ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ತೋಚದು. ಕೊಳ್ಳುಗನು ಇಂತಹ ಸಲಹೆ ಕೊಡುವ ದಲ್ಲಾಳಿಯನ್ನು ಅಲ್ಲಿಯೇ ಬಿಟ್ಟು ನಡೆಯಬೇಕು. ನೆರೆಯ ರೈತನ ಮನೆಗೆ ಹೋಗಿ, ನೀನು ಕೊಳ್ಳುತ್ತೀಯೋ ಇಲ್ಲವೋ ಎಂದು ನೇರವಾಗಿ ಕೇಳಬೇಕು. ಅವನು ಕೊಂಡರೆ ಒಂದು ಕನಸು ತಪ್ಪಿತು. ಕೊಳ್ಳದಿದ್ದರೆ ಮುಂದಿನ ಮೂವತ್ತು ವರ್ಷಗಳಿಗೆ ಒಬ್ಬ ನೆರೆಯವನು ದೊರೆತನು.

ಭೂಮಿ ಕೈಗೆ ಬಂದ ಮೇಲೆ ಜೈನನಾದ ಕೊಳ್ಳುಗನಿಗೆ ಎದುರಾಗುವ ಧರ್ಮಸಂಕಟವನ್ನು ಇತರರು ಬಹುಶಃ ಊಹಿಸಲಾರರು. ಇಟಲಿಯ ಸಿವಿಲ್ ಸಂಹಿತೆಯ 842ನೆಯ ವಿಧಿಯ ಪ್ರಕಾರ ಪರವಾನಗಿಯುಳ್ಳ ಬೇಟೆಗಾರನು ಬೇಟೆಗಾಗಿ ಖಾಸಗಿ ಜಮೀನನ್ನು ಪ್ರವೇಶಿಸುವುದನ್ನು ಮಾಲೀಕನು ತಡೆಯಲಾರನು. ಬೆಳೆ ನಿಂತಿದ್ದರೆ, ಮನೆಯಿಂದ 100 ಮೀಟರು ಒಳಗಾದರೆ ನಿರ್ಬಂಧವುಂಟು. ಉಳಿದಂತೆ ನನ್ನ ಭೂಮಿಯಲ್ಲಿ ಕೊಲ್ಲಬೇಡ ಎಂದು ಹೇಳುವ ಅಧಿಕಾರ ಭೂಮಿಯ ಒಡೆಯನಿಗೇ ಇಲ್ಲ. 1990ರ ಜೂನ್ 3ರಂದು ಈ ವಿಧಿಯನ್ನು ತೆಗೆಯಲು ಜನಮತಗಣನೆ ನಡೆಯಿತು. ಮತ ಹಾಕಿದವರು ಅರ್ಧಕ್ಕಿಂತ ಕಡಿಮೆಯಾದುದರಿಂದ ಅದು ಬಿದ್ದುಹೋಯಿತು. 1992ರ ಕಾನೂನು ಕೆಲವು ದಾರಿಗಳನ್ನು ಉಳಿಸಿದೆ. ಕಾರಣಸಹಿತವಾಗಿ ಅರ್ಜಿ ಕೊಡಬಹುದು. ಅದನ್ನು ಒಪ್ಪುವುದು ಅಧಿಕಾರಿಗಳಿಗೆ ಬಿಟ್ಟದ್ದು. ಇಲ್ಲವೇ ಭೂಮಿಯ ಸುತ್ತ 1.20 ಮೀಟರಿಗೆ ಕಡಿಮೆಯಿಲ್ಲದ ಗೋಡೆಯನ್ನೋ ತಂತಿಬಲೆಯನ್ನೋ ಕಟ್ಟಬೇಕು.

ಬೇಲಿ ಹಾಕಿಸಿದರೆ ಮುಗಿಯಿತಲ್ಲ ಎನ್ನುವುದು ಸುಲಭ. ಆದರೆ ಬೇಲಿ ಬೇಟೆಗಾರನನ್ನು ಮಾತ್ರ ತಡೆಯುವುದಿಲ್ಲ. ಮೊಲ, ಮುಳ್ಳುಹಂದಿ, ಜಿಂಕೆಗಳ ಜಾಡನ್ನೂ, ಅಣಬೆ ಆಯಲು ಬರುವ ಮುದುಕಿಯ ಕಾಲುದಾರಿಯನ್ನೂ ತಡೆಯುತ್ತದೆ. ದಾರಿಗಳನ್ನು ಮುಚ್ಚಬಾರದೆಂದು ಮೇಲೆ ಹೇಳಿದವನೇ ಈಗ ಬೇಲಿಯನ್ನು ಹೇಗೆ ಹೊಗಳಲಿ? ಇದರ ಮೇಲೆ ಕಾಡುಹಂದಿಗಳ ಕಾಟದಿಂದ ದ್ರಾಕ್ಷಿ ತೋಟವನ್ನು ಕಳೆದುಕೊಳ್ಳುವ ನೆರೆಯ ರೈತನು, ನಿನ್ನ ಬೇಲಿಯೊಳಗೆ ಅಡಗಿದ ಹಂದಿ ರಾತ್ರಿ ನನ್ನ ತೋಟಕ್ಕೆ ಬರುತ್ತದೆ ಎಂದು ದೂರುವುದೂ ಸುಳ್ಳಲ್ಲ. ಇವೆರಡರ ನಡುವೆ ಎಲ್ಲ ಕಾಲಕ್ಕೂ ಸಲ್ಲುವ ಉತ್ತರ ನನ್ನಲ್ಲಿಲ್ಲ. ಮೊದಲು ಅರ್ಜಿ; ಅದು ತಿರಸ್ಕೃತವಾದರೆ ಇಡೀ ಭೂಮಿಗಲ್ಲದೆ ಕಾಡಿನ ಭಾಗಕ್ಕೆ ಮಾತ್ರ ಬೇಲಿ, ಅದೂ ಹಳೆಯ ಕಾಲುದಾರಿಯನ್ನು ಹೊರಗೆ ಬಿಟ್ಟು; ಜೊತೆಗೆ ನೆರೆಯವನ ದ್ರಾಕ್ಷಿ ತೋಟಕ್ಕೆ ಕಾವಲು ತಂತಿ ಹಾಕಿಸುವ ಖರ್ಚಿನಲ್ಲಿ ಒಂದು ಪಾಲು. ಅಹಿಂಸೆಯ ವೆಚ್ಚವನ್ನು ನೆರೆಯವನ ತಲೆಗೆ ಕಟ್ಟಿ ನಾವು ಪುಣ್ಯ ಕಟ್ಟಿಕೊಳ್ಳುವುದು ಸರಿಯಲ್ಲವೆಂಬುದಂತೂ ನಿಶ್ಚಿತ.

ಈಗ ದುರಸ್ತಿಯ ವಿಷಯ. ನವೀಕರಣವೆಂದರೆ ಗಟ್ಟಿಗೊಳಿಸುವುದು, ಗಟ್ಟಿಯೆಂದರೆ ಸಿಮೆಂಟು ಎಂಬ ಸಮೀಕರಣ ನಮ್ಮಲ್ಲಿರುವಂತೆ ಅಲ್ಲಿಯೂ ಅರ್ಧ ಶತಮಾನ ನಡೆಯಿತು. ಹಳೆಯ ಗೋಡೆ ಎರಡು ಅಡಿ ದಪ್ಪದ ಕಲ್ಲಿನದು, ಸುಣ್ಣದ ಗಾರೆಯದು. ನೆಲದ ತೇವ ಅದರೊಳಗೆ ಏರುತ್ತದೆ, ಸುಣ್ಣದ ಮೂಲಕ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿ, ಉಪ್ಪು ಕೂತು ಕಲ್ಲೇ ಪುಡಿಯಾಗುತ್ತದೆ. ಇದು ಹಣದ ನಷ್ಟ ಮಾತ್ರ. ಮಾಡಿನ ವಿಷಯದಲ್ಲಿ ಆದದ್ದು ಪ್ರಾಣದ ನಷ್ಟ. ಚೆಸ್ಟ್‌ನಟ್ ಮರದ ತೊಲೆ, ಜಂತೆ, ಅದರ ಮೇಲೆ ಸುಟ್ಟ ಇಟ್ಟಿಗೆಯ ಬಿಲ್ಲೆ, ಹೆಂಚು: ಇದು ಅಲ್ಲಿಯ ಹಳೆಯ ಮಾಡು. 1979ರಲ್ಲಿ ಉಂಬ್ರಿಯಾದ ವಲ್ನೆರೀನಾ ಕಣಿವೆಯಲ್ಲಿ ಭೂಕಂಪವಾದ ಮೇಲೆ ಮರದ ಮಾಡು, ಮರದ ಅಟ್ಟಗಳನ್ನು ಕಿತ್ತು ಆರ್.ಸಿ.ಸಿ. ಹಾಕುವುದೇ ಸುರಕ್ಷಿತವೆಂದು ಇಂಜಿನಿಯರುಗಳು ನಂಬಿದರು. 1997ರ ಸೆಪ್ಟೆಂಬರಿನಲ್ಲಿ ಭೂಮಿ ಮತ್ತೆ ನಡುಗಿದಾಗ ಸೆಲ್ಲಾನೊ ಮೊದಲಾದ ಊರುಗಳಲ್ಲಿ ಕಂಡದ್ದೇನು? ಮೇಲಿನ ಕಾಂಕ್ರೀಟು ಒಡೆಯದೆ ಹಾಗೆಯೇ ಇತ್ತು, ಅದರ ಭಾರಕ್ಕೆ ಕೆಳಗಿನ ಸಡಿಲ ಕಲ್ಲಿನ ಗೋಡೆಗಳು ಸಿಡಿದು ಬಿದ್ದಿದ್ದವು. 2002ರ ಅಕ್ಟೋಬರ್ 31ರಂದು ಸಾನ್ ಜುಲಿಯಾನೊ ದಿ ಪೂಲಿಯಾ ಎಂಬ ಊರಿನ ಶಾಲೆ ಕುಸಿದು 27 ಮಕ್ಕಳೂ ಒಬ್ಬ ಶಿಕ್ಷಕಿಯೂ ಸತ್ತರು. ಆ ಹಳೆಯ ಕಟ್ಟಡದ ಮೇಲೆ ಅನಂತರ ಒಂದು ಅಂತಸ್ತನ್ನು ಏರಿಸಲಾಗಿತ್ತು. 2016ರ ಆಗಸ್ಟ್ 24ರಂದು ಅಮಾತ್ರಿಚೆ ಮತ್ತು ಸುತ್ತಲಿನ ಊರುಗಳಲ್ಲಿ ಸುಮಾರು 300 ಜನ ಸತ್ತಾಗಲೂ ದುರ್ಬಲ ಗೋಡೆಗಳ ಮೇಲೆ ಭಾರವಾದ ಮಾಡುಗಳು ಕೂತಿದ್ದುದು ಮತ್ತೆ ಕಣ್ಣಿಗೆ ಬಿತ್ತು. ಆಗಸ್ಟ್ ತಿಂಗಳೆಂದರೆ ಬೇಸಿಗೆಯ ರಜೆ. ರೋಮ್ ನಗರದಿಂದ ಅಜ್ಜ ಅಜ್ಜಿಯರ ಹಳೆಯ ಮನೆಗೆ ಬಂದು ಮಲಗಿದ್ದವರು ಸತ್ತವರಲ್ಲಿ ಬಹಳ ಮಂದಿ.

ಆ ಕಾಂಕ್ರೀಟು ಹಾಕಿಸಿದವರು ಕೆಟ್ಟವರಲ್ಲ. ಒಳ್ಳೆಯದನ್ನೇ ಬಯಸಿದವರು. ಹಾಗಿದ್ದರೂ ಹಾನಿಯಾಯಿತು. ಇಲ್ಲಿ ಅರಿಯದೆ ಆದದ್ದನ್ನೂ ಎಚ್ಚರಗೇಡಿನಿಂದ ಆದದ್ದನ್ನೂ ಬೇರೆ ಮಾಡಿ ನೋಡಬೇಕು. 1979ರಲ್ಲಿ ಯಾರಿಗೂ ತಿಳಿಯದ ಸಂಗತಿಗೆ ಅಂದಿನವರನ್ನು ದೂಷಿಸಲಾಗದು. ಇಂದು, ಮೂರು ಭೂಕಂಪಗಳು ತಿಳಿಸಿಕೊಟ್ಟ ಮೇಲೆ, ಖರ್ಚು ಉಳಿಯಲೆಂದೋ ಮೇಲೊಂದು ಮಲಗುವ ಕೋಣೆ ಬೇಕೆಂದೋ ಹಳೆಯ ಗೋಡೆಗೆ ಹೊಸ ಭಾರ ಹೇರುವವನ ಕೃತ್ಯವನ್ನು ಪ್ರಮಾದವೆಂದೇ ಕರೆಯಬೇಕು. ಪ್ರಮಾದದಿಂದಾದ ಪ್ರಾಣಹಾನಿಯನ್ನೇ ಹಿಂಸೆಯೆಂದು ನಮ್ಮ ಶಾಸ್ತ್ರ ಹೇಳುವುದು. ಹಳಬರು ಎದುರುಬದುರಿನ ಗೋಡೆಗಳನ್ನು ಕಬ್ಬಿಣದ ಸರಳಿನಿಂದ ಬಿಗಿದು, ಹೊರಗೆ ಬಿಲ್ಲೆ ಕೂಡಿಸುತ್ತಿದ್ದರು. ಅದು ನೋಟಕ್ಕೆ ಚೆನ್ನಾಗಿಲ್ಲವೆಂದು ಕಿತ್ತುಹಾಕಿಸುವ ಹೊಸ ಒಡೆಯರಿದ್ದಾರೆ! ಆ ಸರಳು ಕಡಿಮೆ ಭಾರದಲ್ಲಿ ಇಡೀ ಮನೆಯನ್ನು ಒಂದಾಗಿ ಹಿಡಿಯುತ್ತದೆಂದು ಇಂದಿನ ಇಂಜಿನಿಯರುಗಳೂ ಒಪ್ಪುತ್ತಾರೆ. ಮನೆಯನ್ನು ನಾಳೆ ಬಾಡಿಗೆಗೆ ಕೊಡುವವನಿದ್ದರೆ ಈ ವಿಚಾರ ಇನ್ನೂ ಗಂಭೀರವಾದುದು. ಒಳಗೆ ಮಲಗುವವನು ಗೋಡೆಯನ್ನು ಪರೀಕ್ಷಿಸಿ ಮಲಗುವುದಿಲ್ಲ.

ದುರಸ್ತಿಯ ಖರ್ಚಿನ ಬಗ್ಗೆಯೂ ಒಂದು ಮಾತು. 2020ರಲ್ಲಿ ಇಟಲಿಯ ಸರಕಾರ ಮನೆಗಳ ಶಾಖರಕ್ಷಣೆ ಮತ್ತು ಭೂಕಂಪರಕ್ಷಣೆಯ ಕೆಲವು ಕೆಲಸಗಳಿಗೆ ಖರ್ಚಿನ ನೂರಕ್ಕೆ 110ರಷ್ಟನ್ನು ತೆರಿಗೆಯ ಲೆಕ್ಕದಲ್ಲಿ ಮರಳಿಸುವ ಯೋಜನೆ ತಂದಿತು. 100 ಖರ್ಚು ಮಾಡಿದವನಿಗೆ 110 ಬರುವುದಾದರೆ ಯಾವ ವರ್ತಕನು ತಾನೆ ಬೆಲೆಯನ್ನು ಚೌಕಾಸಿ ಮಾಡುತ್ತಾನೆ? ಕಟ್ಟೋಣದ ದರಗಳು ಏರಿದವು, ನಡೆಯದ ಕೆಲಸಕ್ಕೆ ಬಿಲ್ಲುಗಳು ಹುಟ್ಟಿದವು, ಬೊಕ್ಕಸದ ಮೇಲೆ ಬಿದ್ದ ಹೊರೆ 10,000 ಕೋಟಿ ಯೂರೋಗಳನ್ನು ಮೀರಿತು. 2023ರಿಂದ ಪ್ರಮಾಣವನ್ನು ಇಳಿಸುತ್ತ ಬರಬೇಕಾಯಿತು. ಪುಕ್ಕಟೆಯ ಹಣದಲ್ಲಿ ಧರ್ಮಬುದ್ಧಿ ಹೇಗೆ ಮಂಕಾಗುತ್ತದೆಂಬುದಕ್ಕೆ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳು ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಬಹುದು.

ಪಾಳುಮನೆಯಲ್ಲಿ ಯಾರೂ ಇಲ್ಲವೆಂದು ನಾವು ಹೇಳುತ್ತೇವೆ. ಕೊಟ್ಟಿಗೆಯ ತೊಲೆಗೆ ಕವಲುಬಾಲದ ಅಂಬರಗುಬ್ಬಿಗಳು ಮಣ್ಣಿನ ಗೂಡು ಮೆತ್ತಿರುತ್ತವೆ, ಅಟ್ಟದಲ್ಲಿ ಬಾವಲಿಗಳೂ ಗೂಬೆಯೂ ಇರುತ್ತವೆ. ವಸಂತದಲ್ಲಿ ಆಫ್ರಿಕಾದಿಂದ ಹಾರಿಬರುವ ಆ ಹಕ್ಕಿಗಳು ಹಳೆಯ ಗೂಡಿಗೇ ಮರಳುತ್ತವೆ. ಗೂಡು ಕೆಡವುವುದನ್ನು 1992ರ ಕಾನೂನೂ ನಿಷೇಧಿಸಿದೆ. ಮಾಡಿನ ಕೆಲಸವನ್ನು ಮರಿಗಳು ಹಾರಿದ ಮೇಲೆ ಶರತ್ಕಾಲದಲ್ಲಿ ಹಿಡಿಯುವುದಕ್ಕೂ, ಒಂದು ಕಿಂಡಿಯನ್ನು ತೆರೆದೇ ಇಡುವುದಕ್ಕೂ ಹೆಚ್ಚಿನ ಖರ್ಚೇನೂ ಇಲ್ಲ.

ದಕ್ಷಿಣದ ಕಥೆ ಬೇರೆ. ಅಲ್ಲಿ ಬೆಲೆ ಏರಿ ಊರವರು ಹೊರಗುಳಿಯುವ ಭಯವಿಲ್ಲ. ಕೊಳ್ಳುವವರೇ ಇಲ್ಲದೆ ಊರು ಕುಸಿಯುವ ಭಯ. ಸಿಸಿಲಿಯ ಸಲೇಮಿ ಎಂಬ ಊರಿನಲ್ಲಿ 2008ರಲ್ಲಿ ಅಂದಿನ ಪುರಾಧ್ಯಕ್ಷ ವಿತ್ತೋರಿಯೊ ಸ್ಗಾರ್ಬಿ ಒಂದು ಯೂರೋಗೆ ಒಂದು ಮನೆ ಎಂಬ ಯೋಜನೆಯನ್ನು ಪ್ರಕಟಿಸಿದರು. ಗಾಂಜಿ, ಮುಸ್ಸೊಮೆಲಿ ಊರುಗಳು ಅದೇ ಹಾದಿ ಹಿಡಿದವು. 2019ರಲ್ಲಿ ಸಾಂಬೂಕಾ ದಿ ಸಿಸಿಲಿಯಾ 16 ಮನೆಗಳನ್ನು ಒಂದು ಯೂರೋ ಆರಂಭದ ಬೆಲೆಗೆ ಹರಾಜಿಗಿಟ್ಟಾಗ ಪ್ರಪಂಚದ ಪತ್ರಿಕೆಗಳೆಲ್ಲ ಅದನ್ನು ಬರೆದವು. ಶರತ್ತು ಇದು: 5,000 ಯೂರೋ ಠೇವಣಿ ಇಡಬೇಕು, ಮೂರು ವರ್ಷಗಳೊಳಗೆ ಮನೆಯನ್ನು ದುರಸ್ತಿ ಮಾಡಬೇಕು, ಮಾಡದಿದ್ದರೆ ಠೇವಣಿ ಹೋಯಿತು.

ವರ್ತಕನ ಕಣ್ಣಿಗೆ ಇದು ವಿಚಿತ್ರವಾದ ಸರಕು. ಒಂದು ಯೂರೋ ಬೆಲೆಯಲ್ಲ. ಬೆಲೆಯ ಜಾಗದಲ್ಲಿ ನಿಂತಿರುವುದು ಒಂದು ಪ್ರತಿಜ್ಞೆ. ಊರು ಹೇಳುವುದೇನೆಂದರೆ, ನಮಗೆ ನಿನ್ನ ಹಣ ಬೇಡ, ಈ ಮಾಡು ನಿಲ್ಲಲಿ, ಈ ಬೀದಿಯಲ್ಲಿ ದೀಪ ಹೊತ್ತಲಿ. ಹಾಗಿರುವಾಗ ಮೂರು ವರ್ಷಗಳೊಳಗೆ ಅಚ್ಚುಕಟ್ಟಾಗಿ ದುರಸ್ತಿ ಮಾಡಿ, ಬಾಗಿಲಿಗೆ ಬೀಗ ಹಾಕಿ, ವರ್ಷಕ್ಕೆ ಹತ್ತು ದಿನ ಬಂದುಹೋಗುವವನು ಪ್ರತಿಜ್ಞೆಯನ್ನು ನಡೆಸಿದನೇ? ಪತ್ರದ ಪ್ರಕಾರ ನಡೆಸಿದನು, ಠೇವಣಿ ಮರಳಿಬಂತು. ಅವನು ಬಾರದಿದ್ದರೆ ಕುಸಿಯುತ್ತಿದ್ದ ಗೋಡೆ ನಿಂತಿತು, ಅಲ್ಲಿಯ ಗಾರೆಯವನಿಗೆ, ಬಡಗಿಗೆ ಕೂಲಿ ಸಿಕ್ಕಿತು; ಇದು ಸಣ್ಣ ಉಪಕಾರವೇನೂ ಅಲ್ಲ. ಆದರೆ ಮಕ್ಕಳಿಲ್ಲದೆ ಮುಚ್ಚುವ ಶಾಲೆಗೆ, ಗಿರಾಕಿಯಿಲ್ಲದೆ ಮುಚ್ಚುವ ಅಂಗಡಿಗೆ ಬೀಗ ಹಾಕಿದ ಮನೆಯಿಂದ ಏನೂ ಬಾರದು. ಕಲಾಬ್ರಿಯಾದ ರಿಯಾಚೆ ಎಂಬ ಊರು ಬೇರೊಂದು ದಾರಿ ತೋರಿಸಿತ್ತು. 1998ರಲ್ಲಿ ಕುರ್ದ್ ನಿರಾಶ್ರಿತರ ಹಡಗೊಂದು ಅಲ್ಲಿಯ ದಡಕ್ಕೆ ಬಂದಾಗ, ವಲಸೆ ಹೋದವರು ಬಿಟ್ಟ ಮನೆಗಳನ್ನು ಅವರಿಗೆ ತೆರೆದುಕೊಟ್ಟರು. ಆ ಪ್ರಯೋಗ ಮುಂದೆ ವಿವಾದಕ್ಕೂ ನ್ಯಾಯಾಲಯಕ್ಕೂ ಹೋಯಿತು. ಆದರೂ ಕೆಲವು ವರ್ಷ ಆ ಬೀದಿಗಳಲ್ಲಿ ಮಕ್ಕಳ ಸದ್ದು ಕೇಳಿತು. ಮನೆಯೊಂದಕ್ಕೆ ಹೆಚ್ಚಿನ ಹಕ್ಕು ಅದನ್ನು ಅಂದವಾಗಿ ಇಡಬಲ್ಲವನದೋ, ಅದಿಲ್ಲದೆ ಬಾಳಲಾರದವನದೋ? ಎರಡನೆಯವನದೆಂದೇ ನನ್ನ ಮನಸ್ಸು ಹೇಳುತ್ತದೆ. ಕಾನೂನು ಮೊದಲನೆಯವನ ಕಡೆಗಿದೆ. ಪರಿಗ್ರಹ ಪರಿಮಾಣದಲ್ಲಿ ಹೊಲ-ಮನೆಗಳನ್ನೇ ಮೊದಲ ಜೋಡಿಯಾಗಿ ಎಣಿಸಿದ ಹಿರಿಯರು ಎಷ್ಟು ಮನೆ ಎಂಬ ಪ್ರಶ್ನೆಯನ್ನು ಎಷ್ಟು ಹಣ ಎಂಬುದಕ್ಕಿಂತ ಮುಂದೆ ಇಟ್ಟಿದ್ದು ಸುಮ್ಮನೆ ಅಲ್ಲ. ಎರಡನೆಯ ಮನೆಯನ್ನು ಕೊಂಡವನು ಹತ್ತು ತಿಂಗಳು ಅದನ್ನು ಊರಿನ ಶಿಕ್ಷಕನಿಗೋ, ಕೊಟ್ಟಿಗೆಯಲ್ಲಿ ದುಡಿಯುವ ಪಂಜಾಬಿನ ಆಳಿಗೋ ಕಡಿಮೆ ಬಾಡಿಗೆಗೆ ಕೊಟ್ಟರೆ ಅವನ ಪರಿಗ್ರಹದ ಭಾರ ಸ್ವಲ್ಪ ಇಳಿದೀತು.

ಕೊನೆಯದಾಗಿ ಆಲಿವ್ ಎಣ್ಣೆಯ ವಿಷಯ. ಮನೆಯೊಡನೆ ಸಾಮಾನ್ಯವಾಗಿ ಕೆಲವು ಹತ್ತು ಆಲಿವ್ ಮರಗಳೂ ಬರುತ್ತವೆ. ಅವನ್ನು ಚಳಿಗಾಲದ ಕೊನೆಗೆ ಸವರಬೇಕು, ಅಕ್ಟೋಬರ್-ನವೆಂಬರಿನಲ್ಲಿ ಕಾಯಿ ಬಿಡಿಸಿ ಗಾಣಕ್ಕೆ ಒಯ್ಯಬೇಕು. ಆಗ ಹೊಸ ಒಡೆಯನು ಅಲ್ಲಿರುವುದಿಲ್ಲ. ಆದುದರಿಂದ ನೆರೆಯ ರೈತನೊಡನೆ ಬಾಯಿಮಾತಿನ ಒಂದು ಏರ್ಪಾಡು ನಡೆಯುತ್ತದೆ: ಕೆಲಸವೆಲ್ಲ ಅವನದು, ಎಣ್ಣೆ ಅರ್ಧಕ್ಕರ್ಧ. ಕಾನೂನು 1964ರಲ್ಲಿ ಹೊಸದಾಗಿ ಮಾಡಕೂಡದೆಂದ ಲೆಕ್ಕವೇ ಇದು! ಇಬ್ಬರಿಗೂ ಸಂತೋಷವಿದೆ, ಯಾರ ಮೇಲೂ ಬಲಾತ್ಕಾರವಿಲ್ಲ, ಬೇಡವೆಂದರೆ ನಾಳೆ ಬಿಡಬಹುದು ಎನ್ನುತ್ತಾರೆ. ಹಳೆಯ ಮೆಜ್ಜಾದ್ರಿಯಾದ ದಾಸ್ಯ ಇದರಲ್ಲಿ ಇಲ್ಲವೆಂಬುದು ನಿಜವೂ ಹೌದು. ಆದರೂ ಲೆಕ್ಕ ಬಲ್ಲವನು ಎರಡೂ ಕಡೆಯ ಅಂಕಿಗಳನ್ನು ಬರೆದು ನೋಡಬೇಕು. ಸವರುವಿಕೆ, ಗೊಬ್ಬರ, ಬಿಡಿಸುವ ಕೂಲಿ, ಗಾಣದ ಖರ್ಚು ಒಂದು ಕಡೆ; ಇನ್ನೊಂದು ಕಡೆ ಮಾಲೀಕತ್ವ ಒಂದೇ. ಮರಗಳನ್ನು ಹಾಗೆಯೇ ಬಿಟ್ಟಿದ್ದರೆ ನಾಲ್ಕಾರು ವರ್ಷಗಳಲ್ಲಿ ಅವು ಕಾಡು ಹತ್ತುತ್ತಿದ್ದವು. ಅಂದರೆ ರೈತನು ಒಡೆಯನ ಆಸ್ತಿಯನ್ನು ಕಾಯುವ ಕೆಲಸವನ್ನೂ ಪುಕ್ಕಟೆಯಾಗಿ ಮಾಡುತ್ತಿದ್ದಾನೆ. 1964ರ ಕಾನೂನು ಕೂಡ ದುಡಿಯುವವನಿಗೆ 58 ಕೊಟ್ಟಿತ್ತು. ವರ್ಷಕ್ಕೆ ತನ್ನ ಮನೆಗೆ ಬೇಕಾದ ಹತ್ತು ಹದಿನೈದು ಲೀಟರು ಎಣ್ಣೆಯನ್ನು ಕೇಳಿ ಪಡೆದು, ಗಾಣದ ಖರ್ಚನ್ನು ತಾನು ಕೊಟ್ಟು, ಉಳಿದದ್ದೆಲ್ಲ ಅವನದೆಂದು ಒಡೆಯನು ಮೊದಲ ವರ್ಷವೇ ಹೇಳಿಬಿಡುವುದು ಲೇಸು. ಎರಡನೆಯ ವರ್ಷ ಹೇಳಿದರೆ ದಾನದಂತೆ ಕೇಳಿಸುತ್ತದೆ.